ಖಾಲಿ ಬಿಟ್ಟ ಹಗ್ಗ

"ಅಮ್ಮ, ಕವರಜ್ಜಿ ತಮ್ಮ ಬಟ್ಟೆ ಎಲ್ಲಾ ಗೇಟಿನ ಮೇಲೆ ಒಣಗಿಸ್ತಾರಲ್ಲ, ಮತ್ತೆ ಆ ಹಗ್ಗ ಯಾಕೆ ಖಾಲಿ ಬಿಟ್ಟಿದ್ದಾರೆ?"

ಬಟಾಣಿ ಈ ಪ್ರಶ್ನೆ ಕೇಳಿದ್ದು ಶಾಲೆಗೆ ಹೊತ್ತಾಗಿದ್ದಾಗ, ಒಂದು ಶೂವಿನ ಲೇಸು ಬಿಚ್ಚಿಕೊಂಡಿದ್ದಾಗ, ನೀರಿನ ಬಾಟಲಿ ಮನೆಯಲ್ಲೇ ಉಳಿದದ್ದು ಅವಳ ಅಮ್ಮನಿಗೆ ಆಗಷ್ಟೇ ನೆನಪಾಗಿದ್ದಾಗ. ಐದು ವರ್ಷದ ಮಕ್ಕಳ ಒಳ್ಳೊಳ್ಳೆಯ ಪ್ರಶ್ನೆಗಳೆಲ್ಲ ಇಂಥ ಹೊತ್ತಿಗೇ ಕಾದು ಕೂತಿರುತ್ತವೆ. "ಸುಮ್ನೆ ನಡಿಯೇ, ಬೆಲ್ ಹೊಡೆದುಬಿಡ್ತಾರೆ" ಎಂದು ಅಮ್ಮ ಅವಳ ಕೈ ಜಗ್ಗಿದಳು. ಆದರೂ ನಡೆಯುತ್ತಲೇ ಒಮ್ಮೆ ತಿರುಗಿ ನೋಡಿದಳು.

ಹೌದಲ್ಲ! ಬೀದಿಯ ಕೊನೆಯ ಆ ಮನೆಯಂಗಳದಲ್ಲಿ ಐದು ಹಗ್ಗಗಳು. ನಾಲ್ಕರ ತುಂಬ ತೊಳೆದ ಹಾಲಿನ ಕವರುಗಳು ಕ್ಲಿಪ್ಪಿಗೆ ಸಿಕ್ಕಿ ತಲೆಕೆಳಗಾಗಿ ತೂಗುತ್ತ, ಕಡಲ ಗಾಳಿಗೆ ಪಟಪಟ ಅನ್ನುತ್ತಿದ್ದವು. ಐದನೆಯದರಲ್ಲಿ ಬರೀ ಕ್ಲಿಪ್ಪುಗಳು. ಅಜ್ಜಿಯ ಟವೆಲು, ಅವರ ತಂಗಿಯ ಹೂವಿನ ಚಿತ್ರದ ನೈಟಿ, ಎರಡು ದಿಂಬಿನ ಚೀಲ, ಎಲ್ಲವೂ ಗೇಟಿನ ಮೇಲೆ ಇಕ್ಕಟ್ಟಾಗಿ ಬಿದ್ದುಕೊಂಡಿದ್ದವು. ಎರಡು ತಿಂಗಳಿಂದ ದಿನಾ ಎರಡು ಸಲ ಆ ಮನೆ ದಾಟಿ ಹೋಗುತ್ತಿದ್ದರೂ ಬಟಾಣಿಯ ಅಮ್ಮನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಕವರಜ್ಜಿ ಎಂಬ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಅಜ್ಜಿಗೆ ಅದರ ಬಗ್ಗೆ ಬೇಸರವಿಲ್ಲ. "ಮುಂಚೆ ನನ್ನನ್ನ ಏಳನೇ ಮೇಜು ಅಂತಿದ್ರು. ಅದಕ್ಕಿಂತ ಇದು ವಾಸಿ. ಅಜ್ಜಿ ಅಂತ ಕೊನೇಲಾದ್ರೂ ಬರುತ್ತೆ" ಅನ್ನುತ್ತಾರೆ. ಮೂವತ್ತೊಂದು ವರ್ಷ ಅವರು ಬಂದರಿನ ಹಿಂದಿನ ಮೀನಿನ ಕಾರ್ಖಾನೆಯಲ್ಲಿ, ಐಸಿನ ನೀರು ಜಿನುಗುವ ಏಳನೆಯ ಮೇಜಿನ ಮುಂದೆ ನಿಂತು, ಮೀನಿನ ತುಂಡುಗಳನ್ನು ಕವರಿಗೆ ತುಂಬಿ ಸೀಲು ಹಾಕಿದವರು. ಚಳಿಯಲ್ಲೂ ಬೇಸಿಗೆಯಲ್ಲೂ ಕೈಬೆರಳು ಮರಗಟ್ಟಿರುತ್ತಿದ್ದವು. ಈಗಲೂ ಬಿಸಿ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದು ಕೂತಿರುತ್ತಾರೆ, ಸುಡುವುದೇ ಗೊತ್ತಾಗುವುದಿಲ್ಲ. ಪ್ರತಿ ಸೀಲಿನ ಕೆಳಗೂ ಮೇಜಿನ ಸಂಖ್ಯೆ ಒತ್ತಿರುತ್ತಿತ್ತು.

ಕೆಲಸ ಬಿಟ್ಟ ವರ್ಷ, ಮನೆಯ ಹಿಂದಿನ ಅಳಿವೆಯ ದಂಡೆಯಲ್ಲಿ ಅಡ್ಡಾಡುತ್ತಿದ್ದಾಗ, ಉಪ್ಪು ನೀರಿನಲ್ಲೇ ಬೇರೂರಿ ನಿಲ್ಲುವ ಕಾಂಡ್ಲಾ ಗಿಡಗಳ ಬೇರಿಗೆ ಒಂದು ಕವರು ಸುತ್ತಿಕೊಂಡಿದ್ದನ್ನು ಕಂಡರು. ಬಿಡಿಸಿ ತೊಳೆದು ನೋಡಿದರೆ ಕೆಳಗೆ ಏಳು. ಪಕ್ಕದ ತಾರೀಖಿಗೆ ಹನ್ನೊಂದು ವರ್ಷ. ಅವರ ತಂಗಿ, ಬೀದಿಯವರ ಬಾಯಲ್ಲಿ ಚಿಕ್ಕಜ್ಜಿ, ಇದನ್ನು ಯಾರು ಸಿಕ್ಕರೂ ಹೇಳುತ್ತಾರೆ: "ಅಡುಗೆಮನೆಗೆ ಓಡಿ ಬಂದ್ಲು. ಕಳ್ಳ ಸಿಕ್ಕ ಅನ್ನೋ ಹಾಗೆ ಉಸಿರು ಬಿಡ್ತಾ, 'ಲೇ, ನನ್ನ ಸೀಲು ಇನ್ನೂ ಬಿಟ್ಟಿಲ್ಲ ಕಣೇ' ಅಂದ್ಲು. ಹೆಮ್ಮೆಗೆ ಹೇಳಿದ್ಲೋ ಸಂಕಟಕ್ಕೆ ಹೇಳಿದ್ಲೋ, ಇವತ್ತಿಗೂ ನಂಗೆ ಗೊತ್ತಾಗಿಲ್ಲ."

ಅಂದಿನಿಂದ ಶುರುವಾದದ್ದು ಈ ಹಗ್ಗ, ಈ ಕ್ಲಿಪ್ಪು. ಬೀದಿಯ ನಲವತ್ತೆರಡು ಮನೆಗಳ ಹಾಲಿನ ಕವರೂ ತೊಳೆದು ಇವರ ಅಂಗಳಕ್ಕೆ ಬರಬೇಕು. ತಿಂಗಳಿಗೊಮ್ಮೆ ಲಾರಿ ಬಂದು ಒಯ್ಯುತ್ತದೆ, ಕರಗಿಸಿ ಪೈಪೋ ಬಕೆಟ್ಟೋ ಮಾಡುತ್ತಾರೆ. ಅಜ್ಜಿಯ ಕಾನೂನು ಒಂದೇ: ಕವರು ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗಬಾರದು, ಬಾಲದ ಹಾಗೆ ಅಂಟಿಕೊಂಡೇ ಇರಬೇಕು. ಉಗುರಿನಷ್ಟು ತುಂಡು ಯಾರ ಕೈಗೂ ಸಿಗುವುದಿಲ್ಲ. ಚರಂಡಿ ಹಿಡಿದು ನೇರ ಅಳಿವೆಗೆ ಹೋಗಿ ಮೀನಿನ ಹೊಟ್ಟೆ ಸೇರುತ್ತದೆ. ಮೂಲೆಯಿಲ್ಲದ ಕವರು ಕೊಟ್ಟವರನ್ನು ಅವರು ಗೇಟಿನಲ್ಲೇ ನಿಲ್ಲಿಸುತ್ತಿದ್ದರು.

"ಮೂಲೆ ಎಲ್ಲಿ?"

"ಅಜ್ಜಿ, ಅಷ್ಟು ಚಿಕ್ಕ ತುಂಡು..."

"ಚಿಕ್ಕದಿರಲಿ ದೊಡ್ಡದಿರಲಿ, ಹುಡುಕಿಕೊಂಡು ಬಾ. ನಾನೆಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ."

ಮದುವೆಯಾಗಿ ಈ ಬೀದಿಗೆ ಬಂದ ಮೊದಲ ವಾರವೇ ಬಟಾಣಿಯ ಅಮ್ಮ ಹೀಗೆ ಮನೆಗೆ ವಾಪಸು ಹೋಗಿ, ಸಿಂಕಿನ ಜಾಲರಿಯಲ್ಲಿ ಬೆರಳು ಹಾಕಿ, ಅಳು ತಡೆದುಕೊಂಡು ಒಂದು ಮೂಲೆ ಹುಡುಕಿ ತಂದಿದ್ದಳು. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಗಂಡನ ಹತ್ತಿರ, "ನಿಮ್ಮ ಬೀದೀಲಿ ಒಬ್ಬರು ಹೆಡ್‌ಮಿಸ್ಟ್ರೆಸ್ಸು ಇದ್ದಾರಂತ ಮೊದಲೇ ಹೇಳಬಾರದಿತ್ತಾ?" ಎಂದು ಸಿಡುಕಿದ್ದಳು.

ಅಳಿವೆಯ ಕಥೆ ಬೇರೆಯೇ ಇದೆ. ಉಬ್ಬರದ ನೀರನ್ನು ತಡೆಯುತ್ತಿದ್ದ ದಂಡೆಯ ಕಾಂಡ್ಲಾ ಗಿಡಗಳು ವರ್ಷ ವರ್ಷ ವಿರಳವಾಗುತ್ತ ಬಂದಿದ್ದವು. ಮಳೆಗಾಲದ ದೊಡ್ಡ ಉಬ್ಬರಕ್ಕೆ ಮೊದಲು ರಸ್ತೆಯವರೆಗೆ ಬರುತ್ತಿದ್ದ ನೀರು, ಹೋದ ವರ್ಷ ಬಟಾಣಿಯ ಮನೆಯ ಎರಡನೆಯ ಮೆಟ್ಟಿಲು ಮುಟ್ಟಿತ್ತು. ಮೂರನೆಯ ಮೆಟ್ಟಿಲು ದಾಟಿದರೆ ಬಟಾಣಿ ಮಲಗುವ ಕೋಣೆ. ಹೀಗಿರುವಾಗ ಆ ಕೆಸರು ಜಾಗಕ್ಕೆ ಮಣ್ಣು ತುಂಬಿಸಿ ವಾಹನ ನಿಲ್ಲಿಸುವ ಜಾಗ ಮಾಡುವುದೆಂದು ಕಾಗದ ಬಂತು. ಬೀದಿಯವರೆಲ್ಲ ಸಹಿ ಹಾಕಿ, ಓಡಾಡಿ, ಇಲಾಖೆಯ ಮೇಡಂ ಒಬ್ಬರ ಮೇಜಿನ ಮುಂದೆ ಕೂತು, ಕೊನೆಗೆ ಒಂದು ವರ್ಷದ ಗಡುವು ಪಡೆದರು. ಆರುನೂರು ಕಾಂಡ್ಲಾ ಸಸಿ ನೆಡಬೇಕು. ಗಡುವು ಮುಗಿಯುವ ದಿನ ಅರ್ಧದಷ್ಟಾದರೂ ಬದುಕಿರಬೇಕು. ಕೆಸರಿನಲ್ಲಿ ಪ್ಲಾಸ್ಟಿಕ್ ಇರಬಾರದು. ಇಷ್ಟಾದರೆ ಜಾಗ ಗಿಡಗಳಿಗೆ, ಇಲ್ಲವಾದರೆ ಲಾರಿಗಳಿಗೆ.

ಸಸಿ ಬೆಳೆಸಲು ಚೀಲ ಬೇಕಲ್ಲ? ಅಜ್ಜಿ ತಮ್ಮ ಹಗ್ಗಗಳ ಕಡೆ ಕೈ ತೋರಿಸಿದರು. ಆರುನೂರು ಹಾಲಿನ ಕವರಿಗೆ ತಾವೇ ಕೂತು ಅಡಿಯಲ್ಲಿ ತೂತು ಮಾಡಿ, ಅಳಿವೆಯ ಮಣ್ಣು ತುಂಬಿ, ಕಾಂಡ್ಲಾ ಗಿಡದಿಂದ ಉದುರುವ ಪೆನ್ಸಿಲ್ಲಿನಂಥ ಉದ್ದ ಕೋಡುಗಳನ್ನು ನೆಟ್ಟು ಮನೆಮನೆಗೆ ಹಂಚಿದರು. ಏಳು ತಿಂಗಳು ಅವು ಮೆಟ್ಟಿಲ ಮೇಲೆ, ಬಾಲ್ಕನಿಯಲ್ಲಿ, ಒಬ್ಬರ ಮನೆಯಲ್ಲಂತೂ ಕೆಟ್ಟ ವಾಷಿಂಗ್ ಮಷೀನಿನ ಮೇಲೆ ಬೆಳೆದವು. ಕ್ಯಾನಿನಲ್ಲಿ ಉಪ್ಪು ನೀರು ಹೊತ್ತು ತಂದು ಹನಿಸಬೇಕಿತ್ತು. ಬಟಾಣಿಯ ಮನೆಗೆ ಬಂದದ್ದು ಹನ್ನೆರಡು. ಅವಳು ಎಲ್ಲಕ್ಕೂ ಹೆಸರಿಟ್ಟಿದ್ದಳು. ಒಂದಕ್ಕೆ ಅಪ್ಪನ ಹೆಸರು, ಯಾಕೆಂದರೆ ಅದು ತಡವಾಗಿ ಎದ್ದಿತ್ತು.

ನೆಟ್ಟು ಮೂರು ತಿಂಗಳಾಗಿತ್ತು. ಗಡುವು ಮುಗಿಯಲು ಆರು ದಿನ. ಗುರುವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಮೇಡಂ ಬರುವುದೆಂದು ನಿಶ್ಚಯವಾಗಿತ್ತು.

ಖಾಲಿ ಹಗ್ಗದ ಪ್ರಶ್ನೆ ಬಂದದ್ದು ಶುಕ್ರವಾರ ಬೆಳಿಗ್ಗೆ. ಅದೇ ಸಂಜೆ ಏಡಿಯಣ್ಣ, ಅಂದರೆ ಅಳಿವೆಯಲ್ಲಿ ಏಡಿ ಹಿಡಿದು ಮಾರುವವನು, ಬುಟ್ಟಿ ಇಳಿಸಿ ಬಟಾಣಿಯ ಅಮ್ಮನಿಗೆ ಮೆಲ್ಲಗೆ ಹೇಳಿದ: "ಅಕ್ಕಾ, ಆ ತುದಿಯ ಸಾಲುಗಳನ್ನ ನೋಡಿದ್ರಾ? ಹಳದಿ ತಿರುಗ್ತಾ ಇದಾವೆ. ಈ ತುದೀವು ಚೆನ್ನಾಗಿವೆ. ಅವಕ್ಕೇ ಏನೋ ಬಂದಿದೆ."

ಅವಳು ಕೂಡಲೇ ಒಲೆ ಆರಿಸಿ, ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಅಜ್ಜಿಯ ಮನೆಗೆ ಹೋದಳು. ಸುದ್ದಿ ಕೇಳಿ ಅಜ್ಜಿ ಏನೂ ಕೇಳಲಿಲ್ಲ. ಯಾವ ಸಾಲು, ಎಷ್ಟು ಗಿಡ, ಯಾವಾಗಿಂದ, ಒಂದು ಮಾತೂ ಇಲ್ಲ. ಸುಮ್ಮನೆ ಊರುಗೋಲು ಹುಡುಕಿದರು. ಎಂಥ ಸಣ್ಣ ವಿಷಯಕ್ಕೂ ಹತ್ತು ಪ್ರಶ್ನೆ ಹಾಕುವ ಬಾಯಿ ಅದು. ಅದರ ಮೌನವೇ ಬಟಾಣಿಯ ಅಮ್ಮನನ್ನು ಹೆಚ್ಚು ಹೆದರಿಸಿತು.

"ಅಕ್ಕ, ಮಂಡಿ!" ಎಂದು ಚಿಕ್ಕಜ್ಜಿ ಒಳಗಿನಿಂದ ಕೂಗಿದರು.

"ಮಂಡಿ ನನ್ನ ಜೊತೇಲೇ ಬರ್ತಿದೆ, ನೀನು ಬಾಗಿಲು ಹಾಕ್ಕೋ."

ಇಳಿತದ ಅಳಿವೆ ಒದ್ದೆ ಕನ್ನಡಿಯ ಹಾಗೆ ಬಿದ್ದಿತ್ತು. ಈ ತುದಿಯ ಸಸಿಗಳು ಮೊಣಕಾಲೆತ್ತರ, ಎಲೆ ಮೇಣ ಹಚ್ಚಿದಷ್ಟು ಹಸಿರು. ಆ ತುದಿಗೆ ಹೋಗುತ್ತಿದ್ದಂತೆ ಬಣ್ಣ ಇಳಿಯುತ್ತಾ ಹೋಯಿತು. ಕೊನೆಯ ಸಾಲುಗಳಲ್ಲಿ ಜ್ವರ ಬಂದ ಮಕ್ಕಳ ಮುಖ. ಬಟಾಣಿಯ ಅಮ್ಮ ಒಂದೊಂದೇ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲೆ ತಿರುಗಿಸಿ ನೋಡಿದಳು. ಹುಳುವಿಲ್ಲ. ನೀರಿನ ವಾಸನೆಯೂ ಸರಿಯಾಗಿಯೇ ಇದೆ. ಬಂದರಿನ ಕಡೆಯಿಂದ ಎಣ್ಣೆ ಬಂದಿರಬಹುದೇ? ಯಾರಾದರೂ ಬೇಕೆಂದೇ ಏನಾದರೂ ಸುರಿದರೇ? ತಲೆ ಎಲ್ಲೆಲ್ಲೋ ಓಡತೊಡಗಿತು.

"ಅಮ್ಮ," ಕೆಸರಿನಲ್ಲಿ ಕೈಯಾಡಿಸುತ್ತಿದ್ದ ಬಟಾಣಿ ಕರೆದಳು, "ಇದಿನ್ನೂ ಚಡ್ಡಿ ಬಿಚ್ಚೇ ಇಲ್ಲ!"

ಗಿಡದ ಬುಡದಲ್ಲಿ, ಕೆಸರಿನಿಂದ ಬೆರಳಗಲ ಮೇಲೆ, ನೀಲಿ ಗೆರೆಯ ಹಾಲಿನ ಕವರಿನ ಅಂಚು.

ಅವಳು ಸುತ್ತಲಿನ ಕೆಸರು ಬಗೆದಳು. ಕವರು ಸಮೇತ ಗಿಡ ಎದ್ದು ಬಂತು. ಒಳಗೆ ಬೇರುಗಳು ಹೊರಹೋಗಲು ದಾರಿ ಕಾಣದೆ ಗೋಡೆ ಸುತ್ತಿ ಸುತ್ತಿ ಸಿಂಬಿಯಂತೆ ಸುರುಳಿಗಟ್ಟಿದ್ದವು. ಅಡಿಯ ತೂತಿನಿಂದ ಒಂದೇ ಒಂದು ಬೇರು, ನೂಲಿನಷ್ಟು, ಹೊರಗೆ ಇಣುಕಿತ್ತು. ಪಕ್ಕದ್ದನ್ನು ಮುಟ್ಟಿ ನೋಡಿದಳು, ಅದಕ್ಕೂ ಕವರು. ಅದರ ಪಕ್ಕದ್ದಕ್ಕೂ. ಕೆಸರು ಮೆತ್ತಿದ ಕೈಯಲ್ಲೇ ತಿರುಗಿ ನೋಡಿದರೆ ಅಜ್ಜಿ ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು.

"ಇನ್ನೂರ ನಲವತ್ತು" ಎಂದರು.

"ಏನು ಅಜ್ಜಿ?"

"ಕವರು. ಇನ್ನೂರ ನಲವತ್ತು ವಾಪಸು ಬರಬೇಕಿತ್ತು."

ಆಮೇಲೆ ಬಂದ ಮಾತು ತುಂಡುತುಂಡಾಗಿತ್ತು. ನೆಟ್ಟ ದಿನ ಬಟಾಣಿಯ ಅಮ್ಮ ಮೊದಲ ಸಾಲುಗಳನ್ನು ಮುಗಿಸಿ, ಮಗಳಿಗೆ ಹಸಿವೆಂದು ಮನೆಗೆ ಹೋಗಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕವರು ಸೀಳಿ, ಬಿಚ್ಚಿ, ಮಣ್ಣಿನ ಮುದ್ದೆಯ ಸಮೇತ ಸಸಿಯನ್ನು ಇಳಿಸುತ್ತಿದ್ದರು. ಅಷ್ಟರಲ್ಲಿ ಉಬ್ಬರ ಏರತೊಡಗಿತು. ಅವಸರಕ್ಕೆ ಕವರು ಬಿಚ್ಚಿದರೆ ಮಣ್ಣು ಪುಡಿಯಾಗಿ ಬೇರು ಬರಿದಾಗುತ್ತಿತ್ತು. ಇನ್ನೂರ ನಲವತ್ತು ಸಸಿ ದಂಡೆಯಲ್ಲೇ ಉಳಿದಿದ್ದವು. ಆಗ ಅಜ್ಜಿ ಸ್ಟೂಲಿನ ಮೇಲಿಂದ ಕೂಗಿ ಹೇಳಿದ್ದರು: ಕವರು ಸಮೇತ ಇಟ್ಟುಬಿಡಿ, ಅಡಿಯಲ್ಲಿ ಹೇಗೂ ತೂತಿದೆ, ಹದಿನೈದು ದಿನ ಬಿಟ್ಟು ಬೇರು ಹಿಡಿದ ಮೇಲೆ ಮೇಲಿಂದ ಸೀಳಿ ಎಳೆದರಾಯಿತು. ಅದನ್ನು ನಾನು ನೋಡ್ಕೋತೀನಿ.

ಹತ್ತನೆಯ ದಿನ ಇದೇ ದಂಡೆಯಲ್ಲಿ ಜಾರಿ ಬಿದ್ದರು. ಮಂಡಿ ಕುಂಬಳದಷ್ಟು ಊದಿತು. ಒಂದೂವರೆ ತಿಂಗಳು ಹಾಸಿಗೆ. ನೋಡಲು ಬಂದವರಿಗೆಲ್ಲ ಹೇಳಬೇಕೆಂದುಕೊಳ್ಳುವುದು, ಇನ್ನೆರಡು ದಿನದಲ್ಲಿ ನಾನೇ ಎದ್ದು ಹೋಗುತ್ತೇನಲ್ಲ ಎಂದು ಸುಮ್ಮನಾಗುವುದು. ನೆಟ್ಟವರೆಲ್ಲ ಅಜ್ಜಿ ಹೇಳಿದ್ದಾರೆಂದ ಮೇಲೆ ಆಗಿಯೇ ಇರುತ್ತದೆ ಎಂದುಕೊಂಡಿದ್ದರು. ಎದ್ದು ಕೋಲು ಹಿಡಿದು ನಡೆಯುವಷ್ಟಾದಾಗ ಹೇಳಲು ನಾಲಿಗೆಯೇ ಏಳದಂತಾಗಿತ್ತು.

"ಉಗುರಿನಷ್ಟು ಮೂಲೆಗೆ ನಿನ್ನನ್ನ ಗೇಟಿಂದ ವಾಪಸು ಕಳಿಸಿದವಳು ನಾನು," ಅಜ್ಜಿ ಕೋಲಿನ ತುದಿಯಿಂದ ಕೆಸರು ಕೆದಕುತ್ತ ಹೇಳಿದರು. "ಆ ಹಗ್ಗ ಅವಕ್ಕೇ ಬಿಟ್ಟಿರೋದು. ದಿನಾ ನೋಡಿದ್ರೆ ನಾಚಿಕೆಯಾಗಿ ಹೇಳ್ತೀನೇನೋ ಅಂದ್ಕೊಂಡೆ. ನಾಚಿಕೆಯಾಯ್ತು. ಹೇಳಲಿಲ್ಲ."

ಬಟಾಣಿಯ ಅಮ್ಮನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಕನಿಕರವೂ ಬಂತು. ಎರಡನ್ನೂ ಬದಿಗಿಟ್ಟು ಎಣಿಸಲು ಹೊರಟಳು. ಕವರಿಲ್ಲದೆ ನೆಟ್ಟ ಮುನ್ನೂರ ಅರವತ್ತರಲ್ಲಿ ಅಲೆಗೆ ಕೊಚ್ಚಿ ಹೋದವು ಹೋಗಿ, ಬದುಕಿದ್ದು ಇನ್ನೂರ ಮೂವತ್ತು. ಕವರಿನೊಳಗಿನ ಹಳದಿ ಗಿಡಗಳಲ್ಲಿ ಇನ್ನೂ ಜೀವ ಹಿಡಿದಿದ್ದವು ನೂರ ಎಪ್ಪತ್ತು. ಬೇಕಾದದ್ದು ಮುನ್ನೂರು. ಅಂದರೆ ಯಾವುದನ್ನೂ ಮುಟ್ಟದೆ ಗುರುವಾರದವರೆಗೆ ಬಿಟ್ಟರೆ ಎಣಿಕೆಯಲ್ಲಿ ಸಲೀಸಾಗಿ ಪಾಸು. ಈಗ ಕಿತ್ತು ಕವರು ಬಿಚ್ಚಿದರೆ, ಸುರುಳಿ ಬೇರು ಹರಿದು, ಎಷ್ಟು ಉಳಿಯುತ್ತವೋ ಹೇಳುವಂತಿಲ್ಲ.

ಶನಿವಾರ ಮಧ್ಯಾಹ್ನ ಅಜ್ಜಿಯ ಜಗುಲಿಯಲ್ಲಿ ಸಭೆ ಸೇರಿತು. ಬೀದಿಯ ಸಂಘದ ಕಾರ್ಯದರ್ಶಿ ಕಂಡಕ್ಟರ್ ಮಾಮ; ಬಸ್ಸು ಬಿಟ್ಟು ಆರು ವರ್ಷವಾದರೂ ಇಡೀ ಬೀದಿಯನ್ನು ಬಸ್ಸಿನಂತೆಯೇ ನಡೆಸುವವರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು.

"ನಾನೇ ಕೈಯಾರೆ ಮೂವತ್ತು ಕವರು ಹೂತೆ! ನೀವೇ ನೋಡ್ಕೋತೀನಿ ಅಂದ್ರಲ್ಲ!"

"ಅಂದೆ," ಎಂದರು ಅಜ್ಜಿ. "ಮಂಡಿ..."

"ಮಂಡಿಗೆ ಬಾಯಿಲ್ಲ, ನಿಮಗಿತ್ತಲ್ಲ! ಒಂದು ಮಾತು ಹೇಳಿದ್ರೆ ನಾವು ಹತ್ತು ಜನ ಇಳಿದು ಎಳೀತಿರಲಿಲ್ವಾ?"

ಆಮೇಲೆ ಮಾಮನೇ ದನಿ ತಗ್ಗಿಸಿದರು. "ಆಯ್ತು, ಆದದ್ದಾಯ್ತು. ಈಗ ಕೀಳೋದು ಹುಚ್ಚುತನ. ಕೆಸರಿನ ಮೇಲೆ ಕಾಣೋ ಅಂಚನ್ನ ಮಾತ್ರ ಕತ್ತರಿಸಿಬಿಡೋಣ. ಮೇಡಂ ಎಣಿಸ್ತಾರೆ, ಸಹಿ ಹಾಕ್ತಾರೆ, ಹೋಗ್ತಾರೆ. ಆಮೇಲೆ ನಿಧಾನಕ್ಕೆ ಒಂದೊಂದೇ ಬಿಚ್ಚಿದ್ರಾಯ್ತು."

ತಪ್ಪೆನಿಸಿದರೂ ಬಟಾಣಿಯ ಅಮ್ಮನ ಬಾಯಿ ತೆರೆಯಲಿಲ್ಲ. ಕಣ್ಣೆದುರು ಮೂರನೆಯ ಮೆಟ್ಟಿಲಿತ್ತು. ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ತಲೆಯಾಡಿಸಿದರು, ಹೌದೋ ಅಲ್ಲವೋ ತಿಳಿಯದ ಹಾಗೆ.

ಸಂಜೆ ಇಳಿತದ ಹೊತ್ತಿಗೆ ಚಿಕ್ಕಜ್ಜಿ ಓಡೋಡಿ ಬಂದರು. "ಕತ್ತರಿ ತಗೊಂಡು ಒಬ್ಬಳೇ ಹೋಗಿದ್ದಾಳೆ ಕಣಮ್ಮ. ನನ್ನ ಮಾತು ಕೇಳಲ್ಲ, ನೀನಾದ್ರೂ ಹೋಗು."

ಅಜ್ಜಿ ಕೊನೆಯ ಸಾಲಿನಲ್ಲಿ, ಕೆಸರಿನಲ್ಲೇ ಕಾಲು ಚಾಚಿ ಕೂತಿದ್ದರು. ಕೋಲು ಪಕ್ಕಕ್ಕೆ ಬಿದ್ದಿತ್ತು. ಬಟಾಣಿಯ ಅಮ್ಮ ಹತ್ತಿರ ಹೋಗಿ ನಿಂತರೂ ಅವರು ತಲೆ ಎತ್ತಲಿಲ್ಲ. ಬಲಗೈಯಲ್ಲಿ ಕತ್ತರಿ. ಎಡ ಅಂಗೈಯಲ್ಲಿ ನೀಲಿ ಗೆರೆಯ ಒಂದೇ ತುಂಡು, ಉಗುರಿನಷ್ಟು.

"ಒಂದು ಕತ್ತರಿಸಿದೆ," ಎಂದರು. "ಗಾಳಿ ಬಂತು ನೋಡು, ಹಾರಿ ಹೋಗುತ್ತೇನೋ ಅಂತ ಗಪ್ಪನೆ ಮುಷ್ಟಿ ಮುಚ್ಚಿದೆ. ಈ ಒಂದಕ್ಕೆ ಇಷ್ಟು ಹೆದರಿದೆ ನಾನು. ಇನ್ನೂರ ನಲವತ್ತು ಹೇಗೆ ಕತ್ತರಿಸಲಿ, ಹೇಳು?" ಕತ್ತರಿಯನ್ನು ಅವಳ ಕಡೆ ಚಾಚಿದರು. "ಇದನ್ನ ಮನೆಗೆ ಒಯ್ದು ಇಟ್ಟುಬಿಡು. ನಾಳೆ ಬೆಳಿಗ್ಗೆ ಇಳಿತ ಐದೂಕಾಲಿಗೆ. ಬೆಳಕು ಹರಿಯೋ ಹೊತ್ತಿಗೆ ಯಾರು ಬರ್ತಾರೋ ಬರಲಿ, ಕೀಳೋಣ."

"ಅಜ್ಜಿ, ಸತ್ತು ಹೋದ್ರೆ?"

"ಕವರೊಳಗಿದ್ರೂ ಸಾಯ್ತವೆ. ಸಹಿ ಆದ ಮೇಲೆ ಸಾಯ್ತವೆ, ಅಷ್ಟೇ ವ್ಯತ್ಯಾಸ. ಸಹಿ ಹಿಡ್ಕೊಂಡು ಉಬ್ಬರದ ಮುಂದೆ ನಿಂತ್ಕೊಳ್ಳಕ್ಕಾಗುತ್ತಾ?"

ಆ ಮಾತನ್ನು ಬಟಾಣಿಯ ಅಮ್ಮ ಮನೆಮನೆಗೆ ಹೋಗಿ ಹೇಳಿ ಬಂದಳು. ಭಾನುವಾರ ಬೆಳಕು ಹರಿಯುವಾಗ ಹದಿನಾಲ್ಕು ಜನ ಬಂದರು. ಕಂಡಕ್ಟರ್ ಮಾಮ ಬರುವುದಿಲ್ಲವೆಂದೇ ಎಲ್ಲರೂ ಎಣಿಸಿದ್ದರು. ಅವರು ಎಲ್ಲರಿಗಿಂತ ಮೊದಲೇ ಬಂದು ಮೊಣಕಾಲವರೆಗೆ ಪ್ಯಾಂಟು ಮಡಚಿ ನಿಂತು, "ಹಿಂದೆ ಹೋಗಿ, ಹಿಂದೆ ಜಾಗ ಇದೆ" ಎಂದು ಜನರನ್ನು ಸಾಲಿಗೆ ಹಚ್ಚುತ್ತಿದ್ದರು. ಕೆಲಸ ಮಾತ್ರ ನಿಧಾನದ್ದು. ಗಿಡದ ಸುತ್ತ ಕೈಯಿಂದಲೇ ಬಗೆಯಬೇಕು, ಕವರನ್ನು ಉದ್ದಕ್ಕೆ ಸೀಳಬೇಕು, ಸುರುಳಿ ಬೇರನ್ನು ನೆನೆಸಿದ ಜಡೆಯಂತೆ ಬೆರಳಲ್ಲಿ ಬಿಡಿಸಬೇಕು, ಮತ್ತೆ ಗುಂಡಿಯಲ್ಲಿಟ್ಟು ಕೆಸರು ಒತ್ತಬೇಕು. ಅಲ್ಲಲ್ಲಿ ಚಟ್ ಎಂದು ಬೇರು ಹರಿಯುವ ಸದ್ದು ಕೇಳಿದಾಗೆಲ್ಲ ಬಟಾಣಿಯ ಅಮ್ಮ ಕೈ ನಿಲ್ಲಿಸಿ ಆ ಕಡೆ ನೋಡುತ್ತಿದ್ದಳು. ಅಜ್ಜಿ ದಂಡೆಯಲ್ಲಿ ಸ್ಟೂಲು ಹಾಕಿ ಕೂತು, ಬಂದ ಕವರುಗಳನ್ನು ಬಕೆಟ್ಟಿನಲ್ಲಿ ಜಾಲಿಸಿ ತೊಳೆದು, ಹತ್ತು ಹತ್ತರ ಕಟ್ಟು ಮಾಡುತ್ತಿದ್ದರು. ಈ ಸಲ ಒಂದು ಅಪ್ಪಣೆಯೂ ಕೊಡಲಿಲ್ಲ.

"ಏನಜ್ಜಿ, ಬಾಯಿಗೆ ಬೀಗ?" ಎಂದು ಏಡಿಯಣ್ಣ ರೇಗಿಸಿದ.

"ಹೋದ ಸಲ ಬಿಚ್ಚಿದ್ದೇ ಸಾಕಾಗಿದೆ, ನೀನು ಅಗಿ."

ಸೋಮವಾರವೂ ಅದೇ ಕೆಲಸ. ಮಂಗಳವಾರ ಕೀಳುವುದಕ್ಕೆ ಏನೂ ಉಳಿದಿರಲಿಲ್ಲ, ಕಾಯುವುದೊಂದೇ ಬಾಕಿ. ಕಾಯುವುದು ಕೀಳುವುದಕ್ಕಿಂತ ಕಷ್ಟವಾಗಿತ್ತು. ಬಟಾಣಿಯ ಅಮ್ಮ ಹಾಲು ಉಕ್ಕಿಸಿದಳು, ಮಗಳಿಗೆ ಎರಡೂ ಕಾಲಿಗೆ ಬೇರೆ ಬೇರೆ ಸಾಕ್ಸು ಹಾಕಿ ಕಳಿಸಿದಳು. ದಿನಕ್ಕೆರಡು ಸಲ ದಂಡೆಗೆ ಹೋಗುತ್ತಿದ್ದಳು. ಮಂಗಳವಾರ ಎಲೆಗಳು ಇಳಿಬಿದ್ದವು. ಬುಧವಾರ ಉದುರತೊಡಗಿದವು. "ಆಟ ಆಡೋವಾಗ ಬಿದ್ದ ಹಾಗೆ ಬಿದ್ದಿವೆ ಅಮ್ಮ, ಏಳ್ತವೆ" ಎಂದಳು ಬಟಾಣಿ. ಅಮ್ಮನಿಗೆ ನಂಬಲು ಆಸೆಯಾಯಿತು.

ಗುರುವಾರ ಎಂಟೂವರೆಗೆ ಮೇಡಂ ರಬ್ಬರ್ ಬೂಟು ಹಾಕಿಕೊಂಡು ಬಂದರು. ನಗು ಮುಖದವರಲ್ಲ, ಸಿಡುಕಿನವರೂ ಅಲ್ಲ. ಕೈಯಲ್ಲಿ ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಹಾಳೆ. ಸಾಲು ಸಾಲಾಗಿ ನಡೆದು, ಬಗ್ಗಿ, ಕಾಂಡವನ್ನು ಉಗುರಿನಿಂದ ಗೀರಿ ಹಸಿರಿದೆಯೇ ನೋಡಿ ಗುರುತು ಹಾಕುತ್ತ ಹೋದರು. ಬೀದಿಯವರೆಲ್ಲ ದಂಡೆಯಲ್ಲಿ ಫಲಿತಾಂಶಕ್ಕೆ ನಿಂತ ಮಕ್ಕಳ ಹಾಗೆ ನಿಂತಿದ್ದರು. ಮುಕ್ಕಾಲು ಗಂಟೆಯಾಯಿತು.

"ಇನ್ನೂರ ತೊಂಬತ್ತೊಂದು" ಎಂದರು ಮೇಡಂ.

ಒಂಬತ್ತು ಕಡಿಮೆ. ಕಂಡಕ್ಟರ್ ಮಾಮ ಕಣ್ಣು ಮುಚ್ಚಿಕೊಂಡರು.

"ಆ ತುದಿಯ ಕೆಸರು ಹೊಸದಾಗಿ ಅಗೆದ ಹಾಗಿದೆಯಲ್ಲ, ಏನು ಮಾಡಿದ್ರಿ ಅಲ್ಲಿ?"

ಯಾರಾದರೂ ಏನಾದರೂ ಹೇಳುವ ಮೊದಲು ಅಜ್ಜಿ ಕೋಲೂರಿ ಮುಂದೆ ಬಂದರು. "ಅಮ್ಮಾ, ನೆಟ್ಟ ಹತ್ತು ದಿನಕ್ಕೆ ನನ್ನ ಮಂಡಿ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಪಕ್ಕದಲ್ಲಿದ್ದ ಬಟಾಣಿಯ ಅಮ್ಮನಿಗೆ ಅವರ ಉಸಿರು ಕೇಳಿಸುತ್ತಿತ್ತು. "ಮಂಡಿ ಬಿಡಿ. ಇನ್ನೂರ ನಲವತ್ತು ಗಿಡ ಕವರು ಸಮೇತ ನೆಡಿ ಅಂದವಳು ನಾನು. ಆಮೇಲೆ ತೆಗೀತೀನಿ ಅಂದು ತೆಗೀಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಈ ಭಾನುವಾರ, ಸೋಮವಾರ ಇವರೆಲ್ಲ ಬಿಚ್ಚಿದ್ರು. ಬಿಚ್ಚದೇ ಇದ್ದಿದ್ರೆ ಇವತ್ತು ನಿಮಗೆ ನಾನೂರು ಸಿಗ್ತಿತ್ತು."

ಮೇಡಂ ಕೊನೆಯ ಸಾಲಿಗೆ ಮತ್ತೊಮ್ಮೆ ಹೋಗಿ, ಎಲೆಯುದುರಿದ ಒಂದು ಗಿಡದ ಬುಡದಲ್ಲಿ ಬೆರಳಾಡಿಸಿ ಬಂದರು.

"ಇವತ್ತು ಸಹಿ ಹಾಕಲಾರೆ," ಎಂದರು. "ಎಣಿಕೆ ಕಡಿಮೆ ಇದೆ. ಕೊಚ್ಚಿ ಹೋದ ಜಾಗಕ್ಕೆ ಬೇರೆ ಸಸಿ ನೆಡಿ. ಎರಡು ತಿಂಗಳು ಬಿಟ್ಟು ನಾನೇ ಬರ್ತೀನಿ. ಅಲ್ಲೀವರೆಗೆ ಮಣ್ಣು ತುಂಬೋ ಕಾಗದ ನನ್ನ ಮೇಜಿಂದ ಮುಂದೆ ಹೋಗಲ್ಲ. ಆದ್ರೆ ಆವತ್ತು ಕೆಸರಲ್ಲಿ ಒಂದೇ ಒಂದು ಕವರು ಸಿಕ್ಕರೂ ನನ್ನ ಕೈಲಿ ಏನೂ ಇಲ್ಲ, ನೆನಪಿರಲಿ."

ಗೆದ್ದೆವೋ ಸೋತೆವೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಜನ ಚದುರಿದರು. "ಮುಂದಿನ ಸ್ಟಾಪಿನವರೆಗೆ ಟಿಕೆಟ್ಟು ಸಿಕ್ಕಿತು, ಅಷ್ಟೇ" ಎನ್ನುತ್ತ ಕಂಡಕ್ಟರ್ ಮಾಮ ಅಜ್ಜಿಯ ಸ್ಟೂಲನ್ನು ತಾವೇ ಹೊತ್ತು ತಂದು ಜಗುಲಿಯ ಮೇಲಿಟ್ಟು ಹೋದರು.

ಆ ಸಂಜೆ ಬಟಾಣಿಯನ್ನು ಶಾಲೆಯಿಂದ ಕರೆತರುವಾಗ ಐದನೆಯ ಹಗ್ಗ ಖಾಲಿಯಿರಲಿಲ್ಲ. ಸೀಳಿದ, ಕೆಸರಿನ ಕಲೆ ಪೂರ್ತಿ ಹೋಗದ ಕವರುಗಳು ಒತ್ತೊತ್ತಾಗಿ, ಒಂದು ಕ್ಲಿಪ್ಪಿಗೆ ಹತ್ತರಂತೆ ತೂಗುತ್ತಿದ್ದವು. ಬಟಾಣಿ ಗೇಟಿಗೆ ಜೋತುಬಿದ್ದು, "ಓ, ಇದಕ್ಕಾ!" ಎಂದಳು, ಎಲ್ಲ ತಿಳಿದವಳ ಹಾಗೆ.

ಅಜ್ಜಿ ಹಗ್ಗದ ಕೆಳಗೆ ನಿಂತು ಬೆರಳು ಮಡಚುತ್ತಿದ್ದರು. ಮುಗಿಸಿ, ಮತ್ತೆ ಮೊದಲಿನಿಂದ ಮಡಚಿದರು. ಆಮೇಲೆ ಗೇಟಿನ ಹತ್ತಿರ ಬಂದು, ಮಗುವಿಗೆ ಕೇಳಿಸಬಾರದೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದರು:

"ನಾಲ್ಕು ಸಲ ಎಣಿಸಿದೆ ಕಣಮ್ಮ. ಇನ್ನೂರ ಮೂವತ್ತೇಳೇ ಇದೆ. ಮೂರು ಇನ್ನೂ ಅಲ್ಲೇ ಇವೆ. ಸತ್ತು ಕೊಚ್ಚಿ ಹೋದ ಗಿಡದವಿರಬೇಕು, ಮೇಲೆ ಗುರುತೂ ಇರಲ್ಲ. ನನಗೆ ಆ ಕೆಸರಲ್ಲಿ ಬಗ್ಗಿ ಹುಡುಕೋಕಾಗಲ್ಲ, ಇದು ನೆಪ ಅಲ್ಲ, ನಿಜವಾಗ್ಲೂ ಆಗಲ್ಲ. ಕಡಲು ಇಳಿದಾಗೆಲ್ಲ ನೀನು ಈ ಮಗೂನ ಆಡಿಸೋಕೆ ಆ ಕಡೆ ಕರ್ಕೊಂಡು ಹೋಗ್ತೀಯಲ್ಲ, ಆ ತುದಿಯಲ್ಲಿ ಒಂದೊಂದು ಅಡಿ ಕಾಲಲ್ಲಿ ತಡವಿ ನೋಡ್ತೀಯಾ? ಸಿಕ್ಕಿದ್ರೆ ಬೇರೆಲ್ಲೂ ಹಾಕಬೇಡ, ನನಗೇ ತಂದುಕೊಡು. ಮೂಲೆ ಸಮೇತ."